ಕಲಬುರಗಿಯಲ್ಲಿ ಸೆಪ್ಟೆಂಬರ್ 17ಕ್ಕೂ ಝಂಡಾ ಯಾಕೆ?

ನೀವು ನೇರವಾಗಿ ಕೇಳಿದ್ದು ನನಗೆ ಖುಷಿ. ಮೈಸೂರಿನಿಂದ ವರ್ಗವಾಗಿ ಇಲ್ಲಿಗೆ ಬಂದ ಹೊಸತು ನೀವು. ಆಗಸ್ಟ್ 15 ಮುಗಿದು ಒಂದು ತಿಂಗಳಾಗಿತ್ತಷ್ಟೆ. ಸೆಪ್ಟೆಂಬರ್ 17ರ ಬೆಳಿಗ್ಗೆ ಶಾಲೆ, ಕಚೇರಿ, ಪಂಚಾಯಿತಿ ಎಲ್ಲ ಕಡೆ ಮತ್ತೆ ಝಂಡಾ ಏರಿತು. ಮಕ್ಕಳು ಮತ್ತೆ ಜನಗಣಮನ ಹಾಡಿದರು. "ನಿಮ್ಮ ಕಡೆಯವರಿಗೆ ದೇಶಭಕ್ತಿ ಜಾಸ್ತಿನಾ?" ಅಂದಿರಿ.

ಜಾಸ್ತಿಯೂ ಅಲ್ಲ, ಕಮ್ಮಿಯೂ ಅಲ್ಲ. ನಮಗೆ ಸ್ವಾತಂತ್ರ್ಯ ಬಂದದ್ದೇ ತಡವಾಗಿ. 1947ರ ಆಗಸ್ಟ್ 15ರಂದು ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಹೈದರಾಬಾದಿನ ನಿಜಾಮರ ಕೈಯಲ್ಲೇ ಇದ್ದವು. ಈಗಿನ ಯಾದಗಿರಿ ಆಗ ಕಲಬುರಗಿಯ ಭಾಗ, ಬೇರೆ ಜಿಲ್ಲೆ ಆದದ್ದು 2009ರ ಕೊನೆಗೆ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಮಾತುಕತೆಯಲ್ಲೇ ವರ್ಷ ಕಳೆಯಿತು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು, 17ಕ್ಕೆ ನಿಜಾಮರು ಸೋಲೊಪ್ಪಿದರು. ಹಿರಿಯರು ಇದನ್ನು ಈಗಲೂ 'ಪೊಲೀಸ್ ಆಕ್ಷನ್' ಅಂತಲೇ ಕರೆಯುತ್ತಾರೆ. ಆ ದಿನದ ನೆನಪಿಗೆ ಈ ಝಂಡಾ. ನೀವು ಬೋರ್ಡುಗಳಲ್ಲಿ ನೋಡಿದ ಕಲ್ಯಾಣ ಕರ್ನಾಟಕ ಉತ್ಸವ ಅಂದರೆ ಇದೇ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಝಂಡಾ ಎಷ್ಟು ಸಲ ಏರಿಸುತ್ತಾರೆ, ಹಾಡಿಗೆ ಎಷ್ಟು ನೆಟ್ಟಗೆ ನಿಲ್ಲುತ್ತಾರೆ ಅನ್ನೋದರ ಮೇಲೆ ಜನರ ದೇಶಪ್ರೇಮ ಅಳೆಯಬಹುದು ಅಂತ ನೀವು ನಂಬಿದಂತಿದೆ. ಆ ನಂಬಿಕೆಯನ್ನು ನಮ್ಮ ನೆಲ ಒಪ್ಪೋದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಮುತ್ಯಾ, ಅಂದರೆ ಅಜ್ಜ, ಓದಿದ್ದು ಆಳಂದದ ಕಡೆ, ನಿಜಾಮರ ಕಾಲದ ಸರ್ಕಾರಿ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಬೆಳಿಗ್ಗೆ ಸಾಲಾಗಿ ನಿಂತು ನಿಜಾಮರ ಹಾಡು ಹಾಡಬೇಕಿತ್ತು. ಈ ರಾಜ್ಯ ಎಂದೆಂದಿಗೂ ಉಳಿಯಲಿ, ಉಸ್ಮಾನರನ್ನು ದೇವರು ವೈಭವದಿಂದ ಕಾಪಾಡಲಿ ಅನ್ನೋ ಅರ್ಥದ ಹಾಡು. ಮುತ್ಯಾಗೆ ಎಂಬತ್ತು ದಾಟಿದ ಮೇಲೂ ಅದು ಬಾಯಿಪಾಠ ಇತ್ತು. ಒಂದು ಅಕ್ಷರ ತಪ್ಪದೆ ಹೇಳುತ್ತಿದ್ದರು. ಅದೇ ಮುತ್ಯಾ ಹುಡುಗನಾಗಿದ್ದಾಗ ರಾತ್ರಿ ಹೊತ್ತು ಹೊಲದ ದಾರಿ ಹಿಡಿದು ಗಡಿಯಾಚೆಯ ಹೋರಾಟಗಾರರಿಗೆ ಚೀಟಿ ಮುಟ್ಟಿಸುತ್ತಿದ್ದರು. ಬೆಳಗಿನ ಹಾಡು ಕೇಳಿ ಯಾರಾದರೂ ಆ ಹುಡುಗನ ನಿಷ್ಠೆ ಅಳೆದಿದ್ದರೆ, ಇವನು ನಿಜಾಮರ ಪಕ್ಕಾ ಪ್ರಜೆ ಅಂತ ಬರೆದುಕೊಳ್ಳುತ್ತಿದ್ದರು. ಪೂರ್ತಿ ತಪ್ಪಾಗಿರುತ್ತಿತ್ತು. "ಹಾಡು ಅವರದ್ದು, ಬಾಯಿ ನಮ್ಮದು. ಮನಸಿನ್ಯಾಗ ಏನದ ಅಂತ ಅವರ್ಗೇನು ಗೊತ್ತ?" ಅನ್ನುತ್ತಿದ್ದರು ಮುತ್ಯಾ.

ಹಾಡು ಹಾಡಿದ್ದಕ್ಕೆ ಶಿಕ್ಷೆ ಆದದ್ದೂ ಇದೇ ರಾಜ್ಯದಲ್ಲಿ. 1938ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಹುಡುಗರು ವಂದೇ ಮಾತರಂ ಹಾಡಿದರು. ಆಡಳಿತ ತಡೆಯಿತು. ಹುಡುಗರು ಹಟ ಹಿಡಿದರು. ನೂರಾರು ಜನರನ್ನು ಹೊರಹಾಕಿದರು. ಅವರಲ್ಲಿ ಬಹಳ ಮಂದಿಗೆ ನಾಗಪುರ ವಿಶ್ವವಿದ್ಯಾಲಯ ಜಾಗ ಕೊಟ್ಟಿತು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹ ರಾವ್ ಕೂಡ ಹಾಗೆ ನಾಗಪುರಕ್ಕೆ ಹೋಗಿ ಓದಿದವರು.

ಆಮೇಲೆ 1947. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು. ಭಾರತಕ್ಕೆ ಸೇರಬೇಕು ಅಂತ ಆಗಸ್ಟ್ 7ಕ್ಕೆ ರಾಜ್ಯದ ತುಂಬ ಚಳವಳಿಗೆ ಕರೆ ಕೊಟ್ಟರು. ಆಗಸ್ಟ್ 15ಕ್ಕೆ ದೆಹಲಿಯಲ್ಲಿ ಸಂಭ್ರಮ, ಇಲ್ಲಿ ಅವರ ಬಂಧನ. ಮುಂಡರಗಿಯಲ್ಲಿ ಹೋರಾಟಗಾರರ ಶಿಬಿರ ನಡೆಸಿದ ಅಳವಂಡಿ ಶಿವಮೂರ್ತಿಸ್ವಾಮಿಗಳು, ನಮ್ಮ ಸರದಾರ ಶರಣಗೌಡ ಇನಾಮದಾರರು, ಹೆಸರೇ ಉಳಿಯದ ಎಷ್ಟೋ ಹಳ್ಳಿಯ ಹುಡುಗರು ಹೋರಾಟಕ್ಕೆ ಇಳಿದರು. ಆಗ ತ್ರಿವರ್ಣ ಧ್ವಜ ಹಿಡಿಯೋದು ಅಂದರೆ ಜೈಲಿಗೆ ಹೋಗೋದು, ಇಲ್ಲ ನಿಜಾಮರ ಪರ ಖಾಸಿಂ ರಜವಿ ಕಟ್ಟಿದ್ದ ಖಾಸಗಿ ಪಡೆಯಾದ ರಜಾಕಾರರ ಕೈಗೆ ಸಿಗೋದು. ಜೀವ ಹೋದರೂ ಹೋಗಲಿ ಅಂತ ಹಿಡಿದರು. ಅವತ್ತಿನ ಝಂಡಾ ಖಂಡಿತ ಒಂದು ಅಳತೆ ಆಗಿತ್ತು. ಈಗ ಅದನ್ನು ಏರಿಸಲು ನಮಗೆ ಯಾವ ಭಯವೂ ಇಲ್ಲ. 2022ರಲ್ಲಿ ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಸಿಗುತ್ತಿತ್ತು. ಭಯವಿಲ್ಲದೆ ಏರಿಸುವಂತಾದದ್ದು ಆ ಹಿರಿಯರು ನಮಗೆ ಕೊಟ್ಟ ದೊಡ್ಡ ಕೊಡುಗೆ. ಆದರೆ ಅವರ ಧೈರ್ಯದ ಲೆಕ್ಕವನ್ನು ನಮ್ಮ ಹೆಸರಿಗೆ ಬರೆದುಕೊಳ್ಳೋಕೆ ಆಗಲ್ಲ, ಅಲ್ವಾ?

ಇಲ್ಲಿ ಒಬ್ಬರನ್ನು ನೆನೆಯಲೇಬೇಕು. ಶೋಯೆಬುಲ್ಲಾ ಖಾನ್. ಹೈದರಾಬಾದಿನಲ್ಲಿ 'ಇಮ್ರೋಜ್' ಅನ್ನೋ ಉರ್ದು ಪತ್ರಿಕೆ ನಡೆಸುತ್ತಿದ್ದ ಯುವಕ. ಹೈದರಾಬಾದ್ ಭಾರತಕ್ಕೆ ಸೇರಬೇಕು ಅಂತ ಬರೆದರು. ಬೆದರಿಕೆ ಬಂದರೂ ಬರೆದರು. 1948ರ ಆಗಸ್ಟಿನಲ್ಲಿ, ಪೊಲೀಸ್ ಆಕ್ಷನ್ನಿಗೆ ಮೂರು ವಾರ ಇರುವಾಗ, ಅವರನ್ನು ಕೊಂದರು. ಅವರು ಹಾಡಿಗೆ ಹೇಗೆ ನಿಲ್ಲುತ್ತಿದ್ದರೋ ಯಾರೂ ಬರೆದಿಟ್ಟಿಲ್ಲ. ಬರೆದಿಡಬೇಕಾದ ಅಗತ್ಯವೂ ಇಲ್ಲ.

ಇನ್ನು ಹೇಳುವುದು ಸ್ವಲ್ಪ ಕಷ್ಟದ ಮಾತು. ಹೊಸಬರಿಗೆ ಇಲ್ಲಿಯ ಜನ ಇದನ್ನು ಬೇಗ ಹೇಳುವುದಿಲ್ಲ. ಬೀದರ್ ಜಿಲ್ಲೆಯಲ್ಲಿ ಗೋರಟಾ ಅಂತ ಊರಿದೆ. 1948ರ ಮೇ ತಿಂಗಳಲ್ಲಿ ರಜಾಕಾರರು ಅಲ್ಲಿ ನುಗ್ಗಿ ಕೊಂದರು, ಸುಟ್ಟರು. 200ಕ್ಕೂ ಹೆಚ್ಚು ಜನ ಸತ್ತರು ಅಂತ ಊರಿನವರು ಹೇಳುತ್ತಾರೆ. ಆ ನೋವು ನಮ್ಮ ಮನೆಮನೆಯಲ್ಲಿ ಇದೆ. ಅದರ ಜೊತೆಗೇ ಇನ್ನೊಂದು ನೋವು ಇದೆ. ಸೆಪ್ಟೆಂಬರ್ 17 ಆದ ಮೇಲಿನ ವಾರಗಳಲ್ಲಿ ಇದೇ ಕಲಬುರಗಿ, ಬೀದರ್, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ದಾಳಿ ಆಯಿತು. ರಜಾಕಾರರ ಹೆಸರೂ ಸರಿಯಾಗಿ ಕೇಳದ ರೈತರು, ನೇಕಾರರು, ಹೆಂಗಸರು, ಮಕ್ಕಳು ಸತ್ತರು. ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಇಡೀ ರಾಜ್ಯದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದು ಅಂತ ಅಂದಾಜು ಮಾಡಿತು. ಆ ವರದಿ ಎಷ್ಟೋ ದಶಕ ಕಪಾಟಿನಲ್ಲೇ ಇತ್ತು.

ಒಂದೇ ಝಂಡಾ. ಅದು ಏರಿದ ತಿಂಗಳಲ್ಲೇ ಒಂದು ಮನೆಗೆ ಬಿಡುಗಡೆ, ಇನ್ನೊಂದು ಮನೆಯಲ್ಲಿ ಸಾವು. ಹಾಗಾಗಿ ಸೆಪ್ಟೆಂಬರ್ 17ರಂದು ಯಾವುದೋ ಓಣಿಯ ಅಜ್ಜಿ ಸುಮ್ಮನೆ ಒಳಗೆ ಕೂತಿದ್ದರೆ ಅದನ್ನು ದೇಶದ ಮೇಲಿನ ಸಿಟ್ಟು ಅಂತ ಓದಬೇಡಿ. ಅವರ ಮೊಮ್ಮಗ ಅದೇ ಹೊತ್ತಿಗೆ ಶಾಲೆಯ ಮೈದಾನದಲ್ಲಿ ಬ್ಯಾಂಡ್ ಬಾರಿಸುತ್ತಿರುತ್ತಾನೆ. ಎರಡೂ ನಿಜ. ಎರಡನ್ನೂ ನಾವು ಇಷ್ಟು ವರ್ಷ ಜೊತೆಯಲ್ಲೇ ಇಟ್ಟುಕೊಂಡು ಬದುಕಿದ್ದೇವೆ. ಯಾರಾದರೂ ಬಂದು "ನೀನು ಹಾಡು, ನೋಡೋಣ" ಅಂದರೆ ಮಾತ್ರ ಇದು ಒಡೆಯುತ್ತದೆ.

ನೀವು ಒಂದು ಸಲ ಔರಾದ್ ಕಡೆ ಹೋಗಿ ಬನ್ನಿ, ಗುರುಮಠಕಲ್ ಕಡೆ ಹೋಗಿ ಬನ್ನಿ. ಔರಾದಿನಲ್ಲಿ ಅಂಗಡಿಯವ ಮರಾಠಿಯಲ್ಲಿ ಲೆಕ್ಕ ಹೇಳಿ ಕನ್ನಡದಲ್ಲಿ ಚಿಲ್ಲರೆ ಕೊಡುತ್ತಾನೆ. ಗುರುಮಠಕಲ್ಲಿನಲ್ಲಿ ತೆಲುಗು. ಕಲಬುರಗಿ ಪ್ಯಾಟಿಯಲ್ಲಿ ಎಲ್ಲರ ಬಾಯಲ್ಲೂ ದಖನಿ ಉರ್ದು. ತಾಂಡಾಗಳಲ್ಲಿ ಲಂಬಾಣಿ. ಕನ್ನಡ ಶಾಲೆ, ಮರಾಠಿ ಶಾಲೆ, ಉರ್ದು ಶಾಲೆ ಎಲ್ಲದರಲ್ಲೂ ಜನಗಣಮನ ಒಂದೇ. 52 ಸೆಕೆಂಡಿನ ಹಾಡು, ಪ್ರತಿ ಊರಿನ ಉಚ್ಚಾರ ಬೇರೆ. ನನಗೆ ಅದನ್ನು ಕೇಳಿದಾಗಲೆಲ್ಲ ಮೈ ಝುಮ್ ಅನ್ನುತ್ತದೆ. ನನಗೆ ಈ ಹಾಡಿನ ಮೇಲೆ, ಝಂಡಾದ ಮೇಲೆ ಬಹಳ ಪ್ರೀತಿ ಇದೆ. ಅದಕ್ಕೇ ಇದನ್ನು ಯಾರಾದರೂ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾಡಿಕೊಂಡರೆ ನನಗೆ ನೋವಾಗುತ್ತದೆ.

ಕಾನೂನೂ ಹಾಗೆ ಮಾಡು ಅನ್ನುವುದಿಲ್ಲ. 1985ರಲ್ಲಿ ಕೇರಳದ ಒಂದು ಶಾಲೆ ಮೂವರು ಮಕ್ಕಳನ್ನು ಹೊರಹಾಕಿತು. ಆ ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಅವರ ಧರ್ಮದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ. ಮರುವರ್ಷ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಹೇಳಿತು. ನಮ್ಮ ಪರಂಪರೆ ಸಹನೆ ಕಲಿಸುತ್ತದೆ, ನಮ್ಮ ಸಂವಿಧಾನ ಸಹನೆ ಪಾಲಿಸುತ್ತದೆ, ಅದನ್ನು ದುರ್ಬಲ ಮಾಡಬೇಡಿ ಅಂತ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬರೆದರು. ಹೈದರಾಬಾದಿನಲ್ಲಿ ಹಾಡಿದ್ದಕ್ಕೆ ಹೊರಗೆ, ಕೇರಳದಲ್ಲಿ ಹಾಡದ್ದಕ್ಕೆ ಹೊರಗೆ. ಎರಡು ಕಡೆಯೂ ಸೋತದ್ದು ಓದುವ ಮಕ್ಕಳು. ಸಿನಿಮಾ ಥೇಟರಿನಲ್ಲಿ ರಾಷ್ಟ್ರಗೀತೆ ಕಡ್ಡಾಯ ಅಂತ 2016ರಲ್ಲಿ ಆದೇಶ ಬಂದಿತ್ತು. 2018ರ ಜನವರಿಯಲ್ಲಿ ಕೋರ್ಟೇ ಆ ಕಡ್ಡಾಯ ತೆಗೆಯಿತು.

ಈಗ ನಿಮ್ಮ ಪಕ್ಕದ ಮನೆಯ ವಿಷಯ. ಅವರು ಎರಡೂ ದಿನ ಬಾವುಟ ಹಾಕಲಿಲ್ಲ, ಯಾಕೆ ಅಂತ ಕೇಳಬಹುದಾ ಅಂದಿರಿ. ಕೇಳಬೇಡಿ. ಮನೆಯ ಮೇಲೆ ಬಾವುಟ ಹಾರಿಸುವುದು ನಾಗರಿಕರ ಹಕ್ಕು ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಕ್ಕು ಇರುವವರು ಅದನ್ನು ಬಳಸದೆಯೂ ಇರಬಹುದು. ಹೇಗೆ ಹಾರಿಸಬೇಕು ಅನ್ನೋದಕ್ಕೆ ನಿಯಮ ಇದೆ, ಪ್ರತಿ ಮನೆಯೂ ಹಾರಿಸಲೇಬೇಕು ಅಂತ ನಿಯಮ ಇಲ್ಲ.

2022ರ ಆಗಸ್ಟಿನಲ್ಲಿ ನಮ್ಮ ಓಣಿಯಲ್ಲೂ ಮನೆಮನೆಗೆ ಬಾವುಟ ಬಂತು. ಪಾಲಿಯೆಸ್ಟರ್ ಬಟ್ಟೆಯದ್ದು. ಅದರ ಹಿಂದಿನ ವರ್ಷದ ಕೊನೆಗೆ ಧ್ವಜ ಸಂಹಿತೆ ಬದಲಾಯಿಸಿ ಪಾಲಿಯೆಸ್ಟರಿಗೆ, ಯಂತ್ರದಲ್ಲಿ ಮಾಡಿದ್ದಕ್ಕೆ ಅನುಮತಿ ಕೊಟ್ಟಿದ್ದರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವ ಕೇಂದ್ರ ಇದೆಯಲ್ಲ, ಅಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಈ ಬದಲಾವಣೆ ಅವರ ಹೊಟ್ಟೆಯ ಮೇಲೆ ಹೊಡೆಯುತ್ತದೆ ಅಂತ ಪ್ರತಿಭಟನೆಯೂ ಆಯಿತು. ಅಳತೆ ತಪ್ಪದೆ ಹೊಲಿದು, ಚಕ್ರದ 24 ಗೆರೆ ಮೂಡಿಸುವ ಆ ಹೆಣ್ಣುಮಕ್ಕಳಿಗಿಂತ ಝಂಡಾಕ್ಕೆ ಹತ್ತಿರದವರು ಯಾರಿದ್ದಾರೆ ಹೇಳಿ.

ಹಬ್ಬ ಮುಗಿದ ಮೇಲೆ ಏನಾಯಿತು ಅಂತಲೂ ಹೇಳುತ್ತೇನೆ. ತಗಡಿನ ಮನೆಗಳ ಮೇಲೆ ಕಟ್ಟಿದ ಬಾವುಟಗಳು ಗಾಳಿ ಮಳೆಗೆ ಹರಿದವು. ಜನರಿಗೆ ಭಯ. ಎಸೆದರೆ ಕೇಸ್ ಆಗುತ್ತದಾ? ಇಟ್ಟರೆ ಅವಮಾನ ಆಗುತ್ತದಾ? ನಮ್ಮ ಎದುರು ಮನೆಯ ಕಾಕಿ ಹರಿದ ಬಾವುಟವನ್ನು ಒಗೆದು, ಮಡಚಿ, ಮಗಳ ಮದುವೆ ಸೀರೆ ಇಟ್ಟ ಟ್ರಂಕಿನಲ್ಲಿ ಇಟ್ಟರು. ಹರಿದದ್ದನ್ನು ಮರೆಯಲ್ಲಿ ಗೌರವದಿಂದ ಸುಡಬಹುದು ಅಂತ ನಿಯಮ ಇದೆ ಅಂದೆ. "ಝಂಡಾಕ್ಕ ಬೆಂಕಿ ಹಚ್ಚೋದಾ? ನನ್ನ ಕೈಲೆ ಆಗಲ್ಲಪ್ಪ" ಅಂದರು. ಈಗ ಅವರ ಮನೆಯ ಮೇಲೆ ಬಾವುಟ ಇಲ್ಲ. ಎಣಿಸುತ್ತಾ ಬಂದವರಿಗೆ ಅದು ಬಾವುಟ ಇಲ್ಲದ ಮನೆ.

ತಾಂಡಾಗಳಲ್ಲಿ ಇನ್ನೂ ಬೇರೆ. ಚಿಂಚೋಳಿ, ಚಿತ್ತಾಪುರ, ಯಾದಗಿರಿ ಕಡೆ ಎಷ್ಟೋ ಮನೆಗೆ ಬೀಗ. ಜನ ಗುಳೆ ಹೋಗಿದ್ದಾರೆ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರು. ಕಟ್ಟಡದ ಕೆಲಸ, ರಸ್ತೆ ಕೆಲಸ. ದೇಶದ ಸೇತುವೆ, ಮೆಟ್ರೊ, ಬಂಗಲೆಗಳಿಗೆ ಇವರ ಬೆವರು ಸೇರಿದೆ. ಅವರ ಮನೆಯ ಮೇಲೆ ಬಾವುಟ ಯಾರು ಕಟ್ಟಬೇಕು?

ನನ್ನನ್ನು ಕೇಳಿದರೆ ಅಳೆಯಲೇಬೇಕು ಅನ್ನುವವರು ಎರಡೂ ಕಡೆಯಿಂದ ಅಳೆಯಲಿ. ಜನ ದೇಶಕ್ಕೆ ಏನು ಕೊಟ್ಟರು, ದೇಶ ಜನಕ್ಕೆ ಏನು ಕೊಟ್ಟಿತು. 1948ರಿಂದ ನಮ್ಮ ಮಂದಿ ಪ್ರತಿ ವರ್ಷ ಝಂಡಾ ಏರಿಸಿದರು. ಶಿಕ್ಷಣ, ನೌಕರಿಯಲ್ಲಿ ಹಿಂದೆ ಬಿದ್ದಿದ್ದೇವೆ, ವಿಶೇಷ ಸ್ಥಾನ ಕೊಡಿ ಅಂತ ವರ್ಷಗಟ್ಟಲೆ ಕೇಳಿದರು. ಅದನ್ನು 371ಜೆ ವಿಧಿಯಾಗಿ ಸಂವಿಧಾನಕ್ಕೆ ಸೇರಿಸಲು ಸಂಸತ್ತು ಒಪ್ಪುವ ಹೊತ್ತಿಗೆ 2012 ಮುಗಿಯುತ್ತಾ ಬಂದಿತ್ತು. ಅದು ಜಾರಿಯಾಗಿ ಮೆಡಿಕಲ್, ಎಂಜಿನಿಯರಿಂಗ್ ಸೀಟು ಸಿಕ್ಕ ಹುಡುಗರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಷ್ಟು ಕಾಲ ಕಾದರೂ ಇಲ್ಲಿ ಯಾರೂ ಝಂಡಾದ ಮೇಲೆ ಕೋಪ ತೋರಿಸಲಿಲ್ಲ. ಅರ್ಜಿ ಬರೆದರು, ಧರಣಿ ಕೂತರು, ಓಟು ಹಾಕಿದರು.

ಈ ಸಲ ಹದಿನೇಳಕ್ಕೆ ನಮ್ಮೂರ ಶಾಲೆಯಲ್ಲಿ ಪ್ರಭಾತ ಫೇರಿ ಆಯಿತು, ಝಂಡಾ ಏರಿತು, ಮಕ್ಕಳಿಗೆ ಬೂಂದಿ ಕೊಟ್ಟೆವು. ಆಮೇಲೆ ಪಾಲಕರು ಅಲ್ಲೇ ಬೇವಿನ ಮರದ ಕೆಳಗೆ ಕೂತು ಒಂದು ಅರ್ಜಿ ಬರೆದರು. ಗಣಿತದ ಮಾಸ್ತರರ ಜಾಗ ಬಹಳ ದಿನದಿಂದ ಖಾಲಿ ಇದೆ, ಹತ್ತನೇ ಕ್ಲಾಸಿನ ಮಕ್ಕಳಿಗೆ ಮಾರ್ಚಿನಲ್ಲಿ ಪರೀಕ್ಷೆ. ಕನ್ನಡದಲ್ಲಿ ಸಹಿ ಮಾಡಿದವರಿದ್ದಾರೆ, ಉರ್ದುವಿನಲ್ಲಿ ಮಾಡಿದವರಿದ್ದಾರೆ, ಹೆಬ್ಬೆಟ್ಟು ಒತ್ತಿದವರೂ ಇದ್ದಾರೆ. ನಾನೂ ಸಹಿ ಹಾಕಿದ್ದೇನೆ. ಅದರ ಒಂದು ಪ್ರತಿ ನಿಮ್ಮ ಕಚೇರಿಗೂ ಬಂದಿದೆ. ಸೋಮವಾರ ಟಪಾಲಿನಲ್ಲಿ ಹುಡುಕಿ ನೋಡಿ.