ಮೇನರಿಕಂ, ಎರಡು ಬೋರ್‌ವೆಲ್ ಮತ್ತು ನಮ್ಮ ಹುಡುಗ

ಆಂಟಿ, ಮೊನ್ನೆ ಮೆಟ್ಟಿಲ ಹತ್ತಿರ ಮೆಲ್ಲಗೆ ಕೇಳಿದಿರಲ್ಲ, "ಆ ಹುಡುಗ ಯಾಕಪ್ಪಾ ಅಷ್ಟು ಬಿಳಿ? ನಿಮ್ಮ ಕಡೆ ಸಂಬಂಧದಲ್ಲೇ ಮದುವೆ ಮಾಡ್ತಾರಂತಲ್ಲ, ಅದಕ್ಕಾ?" ಅಂತ. ಅವನು ಪಕ್ಕದಲ್ಲೇ ಇದ್ದ, ಸುಮ್ನೆ ನಕ್ಕು ಬಂದುಬಿಟ್ಟೆ. ಈಗ ಹೇಳುತ್ತೇನೆ.

ಅವನು ನಮ್ಮಕ್ಕನ ಮಗ, ಹನ್ನೊಂದು ವರ್ಷ. ಮಿಂಟೋ ಆಸ್ಪತ್ರೆಯಲ್ಲಿ ಕಣ್ಣು ತೋರಿಸಲು ಬಂದಾಗ ನಮ್ಮಲ್ಲೇ ಇರುತ್ತಾನೆ. ಅವನಿಗಿರುವುದು ತೊನ್ನಲ್ಲ. ತೊನ್ನು ಹುಟ್ಟಿದ ಮೇಲೆ ಬರುವಂಥದ್ದು, ತೇಪೆ ಹಾಕಿದಂತೆ ಅಲ್ಲಲ್ಲಿ ಬಣ್ಣ ಹೋಗುತ್ತದೆ. ಇವನಿಗೆ ಹುಟ್ಟಿನಿಂದಲೇ ಬಣ್ಣ ಇಲ್ಲ. ಕೂದಲು, ಹುಬ್ಬು, ರೆಪ್ಪೆ ಎಲ್ಲ ಮುಸುಕಿನ ಜೋಳದ ನೂಲಿನ ಹಾಗೆ. ಇದು ಆಲ್ಬಿನಿಸಂ. ಎರಡೂ ಅಂಟುವುದಿಲ್ಲ, ಅದೊಂದು ಭಯ ಬೇಡ. ಊರಲ್ಲಿ ಅವನನ್ನು ತೆಲ್ಲೋಡು ಅನ್ನುತ್ತಾರೆ, ತೆಲುಗಲ್ಲಿ ಬಿಳಿಯ ಅಂತ. ಹುಟ್ಟಿದಾಗ ಒಬ್ಬರು ಅಕ್ಕ ಗ್ರಹಣದಲ್ಲಿ ಹೊರಗೆ ಬಂದಳು ಅಂದರು, ಇನ್ನೊಬ್ಬರು ಕೇಸರಿ ಹಾಲು ಜಾಸ್ತಿ ಕುಡಿದಳು ಅಂದರು. ಕೇಸರಿ ಕೊಳ್ಳುವ ದುಡ್ಡು ನಮ್ಮ ಮನೆಯಲ್ಲಿ ಎಲ್ಲಿತ್ತು ಹೇಳಿ.

ಇನ್ನು ಮದುವೆ ವಿಷಯ. ನಮ್ಮದು ಮುಳಬಾಗಿಲು ಕಡೆ, ನಂಗಲಿ ದಾಟಿದರೆ ಆಂಧ್ರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬೈಯುವಾಗ ಎರಡೂ. ಅಕ್ಕನ ಮಗಳನ್ನು ತಮ್ಮನಿಗೆ, ಅತ್ತೆ ಮಗನನ್ನು ಮಾವನ ಮಗಳಿಗೆ ತರುವುದಕ್ಕೆ ನಾವು ಮೇನರಿಕಂ ಅನ್ನುತ್ತೇವೆ. ಹೊಲ ಹಂಚಿಹೋಗುವುದಿಲ್ಲ, ವರದಕ್ಷಿಣೆ ಮಾತು ಕಡಿಮೆ, ಹುಡುಗಿಗೆ ಅಜ್ಜಿಯೇ ಅತ್ತೆ. 1955ರ ಹಿಂದೂ ವಿವಾಹ ಕಾಯ್ದೆ ಸೋದರಮಾವ-ಅಕ್ಕನ ಮಗಳಂಥ ಹತ್ತಿರದ ಸಂಬಂಧ ಬೇಡ ಅನ್ನುತ್ತದೆ, ಆದರೆ ರೂಢಿ ಇರುವವರನ್ನು ಬಿಟ್ಟಿದೆ. ನಮ್ಮಲ್ಲಿ ರೂಢಿ ಇದೆ. ನಮ್ಮಕ್ಕ ಮದುವೆಯಾಗಿದ್ದು ಅಮ್ಮನ ಕೊನೇ ತಮ್ಮನನ್ನೇ. ಹಾಗಾಗಿ ಭಾವ ನನಗೆ ಸೋದರಮಾವನೂ ಹೌದು. ಇದು ಬರೀ ಹಳ್ಳಿ ಮಾತು ಅಂದುಕೊಳ್ಳಬೇಡಿ, ಬೆಂಗಳೂರಲ್ಲೂ ಹಳೇ ಮನೆಗಳಲ್ಲಿ ಕೆದಕಿದರೆ ಸಿಗುತ್ತದೆ.

ಹಾಗಾದರೆ ಅದಕ್ಕೇನಾ? ಅರ್ಧ ಹೌದು, ಅರ್ಧ ಅಲ್ಲ.

ಚರ್ಮಕ್ಕೂ ಕೂದಲಿಗೂ ಕಣ್ಣಿಗೂ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸಲು ಹಲವು ಜೀನ್‌ಗಳು ಕೆಲಸ ಮಾಡುತ್ತವೆ. ಪ್ರತಿ ಜೀನ್ ನಮ್ಮಲ್ಲಿ ಜೋಡಿಯಾಗಿರುತ್ತದೆ, ಅಪ್ಪನದೊಂದು, ಅಮ್ಮನದೊಂದು. ನಮ್ಮ ಕಡೆ ಲೆಕ್ಕದಲ್ಲಿ ಹೇಳುವುದಾದರೆ ತೋಟಕ್ಕೆ ಎರಡು ಬೋರ್‌ವೆಲ್ ಇದ್ದ ಹಾಗೆ. ಒಂದು ಫೇಲ್ ಆದರೂ ಇನ್ನೊಂದರಲ್ಲಿ ನೀರು ಬಂದರೆ ತೋಟ ಹಸಿರಾಗೇ ಇರುತ್ತದೆ. ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಅಕ್ಕ, ಭಾವ ಇಬ್ಬರೂ ಹಾಗೇ, ನೋಡಲು ನಮ್ಮಂತೆ ಕಪ್ಪು. ಇಬ್ಬರ ಕೆಟ್ಟ ಬೋರೂ ಮಗುವಿಗೆ ಬಂದರೆ ಮಾತ್ರ ಬಣ್ಣ ಇಲ್ಲ.

ಸಂಬಂಧದ ಮದುವೆ ಆ ಜೀನನ್ನು ಕೆಡಿಸಲಿಲ್ಲ. ಅದು ತಾತ ಅಜ್ಜಿ ಕಾಲದಿಂದ ಮನೆಯಲ್ಲೇ ಇತ್ತು. ಒಂದೇ ಮನೆಯ ಇಬ್ಬರು ಜೋಡಿಯಾದರೆ ಅದೇ ಕೆಟ್ಟ ಜೀನ್ ಎರಡೂ ಕಡೆ ಇರುವ ಸಂಭವ ಜಾಸ್ತಿ, ಅಷ್ಟೇ. ಸಂಬಂಧವೇ ಇಲ್ಲದವರಿಗೂ ಇಂಥ ಮಗು ಹುಟ್ಟುತ್ತದೆ. ಪ್ರಪಂಚದಲ್ಲಿ ಸುಮಾರು 17,000ದಿಂದ 20,000 ಜನರಲ್ಲಿ ಒಬ್ಬರಿಗೆ ಆಲ್ಬಿನಿಸಂ ಇದೆ ಎಂಬ ಅಂದಾಜಿದೆ. ಸುಮ್ಮನೆ ಜೀನ್ ಹೊತ್ತವರು ಸುಮಾರು 70ಕ್ಕೆ ಒಬ್ಬರು. ಬೆಳಗ್ಗೆ ಕೆ.ಆರ್. ಪುರದಲ್ಲಿ ತುಂಬಿ ಹೊರಡುವ ಬಸ್ಸಿನಲ್ಲಿ ಒಬ್ಬರು ಇದ್ದರೂ ಇರಬಹುದು.

ಎರಡನೇ ಮಗುವಿಗೆ ಮುಂಚೆ ಅಕ್ಕ ಭಾವನನ್ನು ಇಲ್ಲೇ ಜೆನೆಟಿಕ್ಸ್ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಪ್ರತಿ ಸಲವೂ ನಾಲ್ಕರಲ್ಲಿ ಒಂದು ಸಂಭವ ಅಂದರು. "ಒಂದು ಬಂದಾಯ್ತಲ್ಲ, ಇನ್ನು ಮೂರು ನಿರಾಳ" ಅಂದ ಭಾವ. ಹಾಗಲ್ಲ, ಪ್ರತಿ ಸಲವೂ ಹೊಸ ಲೆಕ್ಕ. ಹುಟ್ಟಿದವಳು ನಮ್ಮದೇ ಬಣ್ಣದವಳು. ಆದರೂ ಅವಳು ಆ ಜೀನ್ ಹೊತ್ತಿರುವ ಸಂಭವ ಮೂರರಲ್ಲಿ ಎರಡು.

ಎಲ್ಲರೂ ಅವನ ಬಣ್ಣ ನೋಡುತ್ತಾರೆ. ಅವನ ಕಷ್ಟ ಇರುವುದು ಕಣ್ಣಿನಲ್ಲಿ. ಮೆಲನಿನ್ ಇಲ್ಲದಿದ್ದರೆ ಕಣ್ಣಿನ ಒಳಪರದೆಯಲ್ಲಿ ಸೂಕ್ಷ್ಮವಾಗಿ ನೋಡುವ ಜಾಗ ಪೂರ್ತಿ ಬೆಳೆಯುವುದಿಲ್ಲ. ಹಾಗಾಗಿ ಕನ್ನಡಕದಿಂದ ಪೂರ್ತಿ ಸರಿಹೋಗುವುದಿಲ್ಲ. ಕಣ್ಣುಗುಡ್ಡೆ ಸದಾ ಅತ್ತಿತ್ತ ಅಲುಗುತ್ತದೆ. ಕುತ್ತಿಗೆ ಎಡಕ್ಕೆ ತಿರುಗಿಸಿದಾಗ ಆ ಅಲುಗಾಟ ಸ್ವಲ್ಪ ನಿಲ್ಲುತ್ತದೆ, ಅದಕ್ಕೇ ಅವನು ಓರೆಯಾಗಿ ನೋಡುವುದು. ಊರ ಶಾಲೆಯಲ್ಲಿ ಒಬ್ಬ ಮೇಷ್ಟ್ರು ಇದನ್ನು ಕೊಬ್ಬು ಅಂದುಕೊಂಡು ಎರಡು ವರ್ಷ ಹಿಂದಿನ ಬೆಂಚಿಗೆ ಹಾಕಿದ್ದರು. ಮುಂದಿನ ಬೆಂಚಿಗೆ ಬಂದ ತಿಂಗಳಲ್ಲೇ ಮಗ್ಗಿಯಲ್ಲಿ ಕ್ಲಾಸಿಗೇ ಮೊದಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಹೆಸರುಗಳಲ್ಲಿ ಆಲ್ಬಿನಿಸಂ ಅಂತ ಬೇರೆ ಇಲ್ಲ, ಮಂದದೃಷ್ಟಿ ಇದೆ. ಕಾರ್ಡ್ ಮಾಡಿಸುವುದಿದ್ದರೂ ಕಣ್ಣಿನ ಲೆಕ್ಕದಲ್ಲೇ.

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ನನ್ನ ಫೋನ್ ಕಿತ್ತುಕೊಂಡು ಬಸ್ ಬೋರ್ಡಿನ ಫೋಟೋ ತೆಗೆಯುತ್ತಾನೆ. ಬೆರಳಲ್ಲಿ ದೊಡ್ಡದು ಮಾಡಿ, ಮೂಗಿಗೆ ತಾಗಿಸಿ, "ಮಾವ, 500ಡಿ!" ಅನ್ನುವಷ್ಟರಲ್ಲಿ ಬಸ್ ಹೊರಟಿರುತ್ತದೆ. ಬಿಸಿಲು ಬಿದ್ದರೆ ಚರ್ಮ ಬೇಗ ಸುಟ್ಟುಹೋಗುತ್ತದೆ, ಮುಂದೆ ಚರ್ಮದ ಕ್ಯಾನ್ಸರ್ ಭಯವೂ ಇದೆ. ಅದಕ್ಕೇ ತುಂಬು ತೋಳು, ಟೋಪಿ, ಸನ್‌ಸ್ಕ್ರೀನ್. ಶನಿವಾರ ಮತ್ತೆ ಬರುತ್ತಾನೆ. ಮಾತಾಡಿಸಿ, ಆದರೆ ಬಾಲ್ಕನಿಯ ಬೆಳಕಿಗೆ ಮುಖ ಮಾಡಿ ಕೂರಿಸಬೇಡಿ, ಕಣ್ಣು ಬಿಡಲಾಗುವುದಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಅಜ್ಜಿ ನನ್ನ ಐದು ವರ್ಷದ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು, "ಇವಳು ನಮ್ಮ ತೆಲ್ಲೋಡಿಗೇ" ಅಂದಳು. ಬೇಡ ಅಜ್ಜಿ ಅಂದೆ. "ಯಾಕೋ, ಬೆಳ್ಳಗಿದಾನೆ ಅಂತಾನಾ?" ಅಂತ ಸಿಟ್ಟಾದಳು. ಅದಲ್ಲ ಅಂತ ಎರಡು ಬೋರಿನ ಲೆಕ್ಕ ಪೂರ್ತಿ ಹೇಳಿದೆ. ಎಲೆ ಅಡಿಕೆ ಅಗಿಯುತ್ತಾ ಕೇಳಿದಳು. ಆಮೇಲೆ ಅಂದಳು, "ಹಂಗಾದ್ರೆ ಆ ಕೆಟ್ಟ ಬೋರು ನಿಮ್ಮ ತಾತನ ಕಡೇದು."