ಅಡಿಯಲ್ಲಿ ‘ಮೆಕಾಯ್’ ಅಂತ ಇದ್ದರೆ ಜಾಡಿ ಹಳೆಯದೇ?

ಅಮೆರಿಕದಲ್ಲಿರುವ ನಿಮ್ಮ ಅಣ್ಣ ಗಂಗಾವತಿಗೆ ಬಂದಾಗ ಒಂದು ಪಿಂಗಾಣಿ ಬಿಸ್ಕತ್ ಜಾಡಿ ತಂದುಕೊಟ್ಟಿದ್ದಾರೆ, ಅಡಿಯಲ್ಲಿ ‘ಮೆಕಾಯ್’ ಅಂತ ಅಚ್ಚಿದೆ, ಮಾರಿದವರು 1940ರ ದಶಕದ್ದು ಅಂದಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಬರೀ ಆ ಅಚ್ಚು ನೋಡಿ ನಂಬಬೇಡಿ.

ಅಮೆರಿಕದ ಒಹಾಯೊ ರಾಜ್ಯದ ರೋಸ್‌ವಿಲ್‌ನಲ್ಲಿ 1910ರಲ್ಲಿ ಶುರುವಾದ ನೆಲ್ಸನ್ ಮೆಕಾಯ್ ಪಿಂಗಾಣಿ ಕಾರ್ಖಾನೆ 1990ರಲ್ಲಿ ಮುಚ್ಚಿತು. ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿ ಭದ್ರ ಮಾಡಿರಲಿಲ್ಲ. 90ರ ದಶಕದ ಆರಂಭದಲ್ಲೇ, ಹಳೆಯ ಕಾರ್ಖಾನೆಗೆ ಸಂಬಂಧವೇ ಇಲ್ಲದ ಟೆನೆಸ್ಸಿ ರಾಜ್ಯದ ತಯಾರಕನೊಬ್ಬ ಅದೇ ಹೆಸರು ಒತ್ತಿ ಜಾಡಿ ಮಾರತೊಡಗಿದ. ಹಳೆಯ ಮೆಕಾಯ್‌ನವರು ಯಾವತ್ತೂ ಮಾಡದ ಮಾದರಿಗಳ ಮೇಲೂ ಆ ಹೆಸರು ಬಂತು. ಆಮೇಲೆ ‘ಬ್ರಷ್-ಮೆಕಾಯ್’ ಅಂತಲೂ ಒತ್ತಿದ. ಆ ಜೋಡಿ ಹೆಸರನ್ನು ಅದರ ಮೂಲ ಕಂಪನಿ 1925ರಲ್ಲೇ ಬಿಟ್ಟಿತ್ತು. ಹೊಸ ಜಾಡಿ ಮಾಡುವುದು ತಪ್ಪಲ್ಲ. ಪಕ್ಕದಲ್ಲಿ ಇಸವಿಯೊಂದನ್ನು ಹಾಕಿದ್ದರೆ ಎಷ್ಟೋ ಜನರ ದುಡ್ಡು ಉಳಿಯುತ್ತಿತ್ತು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಈಗ ಒಂದು ಟೇಪು ತಗೊಳ್ಳಿ. ನಕಲು ಮಾಡುವವರು ಸಾಮಾನ್ಯವಾಗಿ ಹಳೆಯ ಜಾಡಿಯ ಮೇಲೆಯೇ ಪ್ಲಾಸ್ಟರ್ ಅಚ್ಚು ತೆಗೆದು, ಅದರೊಳಗೆ ತೆಳುವಾಗಿ ಕಲಸಿದ ಮಣ್ಣು ಹೊಯ್ಯುತ್ತಾರೆ. ಮಣ್ಣು ಒಣಗುವಾಗಲೂ ಭಟ್ಟಿಯಲ್ಲಿ ಬೇಯುವಾಗಲೂ ಕುಗ್ಗುತ್ತದೆ, ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು. ಮೂಲ ಜಾಡಿ 10 ಇಂಚಿದ್ದರೆ ನಕಲು 9ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಸಂಗ್ರಾಹಕರ ಕೈಪಿಡಿಗಳಲ್ಲಿ ಮೂಲದ ಅಳತೆ ಸಿಗುತ್ತದೆ, ತಾಳೆ ನೋಡಿ. ಎಲೆಯ ನರ, ಗೊಂಬೆಯ ಕಣ್ಣುರೆಪ್ಪೆಯಂಥ ಸಣ್ಣ ಗೆರೆಗಳೂ ನಕಲಿನಲ್ಲಿ ಮೊಂಡಾಗಿರುತ್ತವೆ.

ಆಮೇಲೆ ಜಾಡಿ ಬೋರಲು ಹಾಕಿ, ಬಿಸಿಲಿಗೆ ಹಿಡಿದು ನೋಡಿ. ಹತ್ತಾರು ವರ್ಷ ಕಪಾಟಿನಲ್ಲಿದ್ದ ಜಾಡಿಗೆ ನೆಲ ತಾಗುವ ಅಂಚಿನಲ್ಲಿ ಮಾತ್ರ ಸವೆತ, ಗೀರುಗಳೂ ಅಡ್ಡಾದಿಡ್ಡಿ. ಎಲ್ಲ ಗೀರು ಒಂದೇ ದಿಕ್ಕಿಗಿದ್ದರೆ ಉಪ್ಪು ಕಾಗದದಿಂದ ಉಜ್ಜಿದ್ದಾರೆ ಅಂತಲೇ ತಿಳಿಯಿರಿ. ಮೇಲಿನ ಹೊಳಪಿನಲ್ಲಿ ಕೂದಲೆಳೆಯಂಥ ಬಿರುಕು ಕಂಡ ಮಾತ್ರಕ್ಕೆ ಹಳೆಯದು ಅನ್ನಬೇಡಿ, ಅದನ್ನು ಬೇಕೆಂದೇ ಬರಿಸುತ್ತಾರೆ, ಚಹಾದ ನೀರಿನಲ್ಲಿ ಕಂದು ಬಣ್ಣವನ್ನೂ ಹಿಡಿಸುತ್ತಾರೆ.

ಅಚ್ಚಿನ ಇಸವಿಯೂ ಹೀಗೇ ದಾರಿ ತಪ್ಪಿಸುತ್ತದೆ. ಬಳ್ಳಾರಿಯಲ್ಲಿ ಹಳೇ ಸಾಮಾನು ಮಾರುವವರ ಹತ್ತಿರ ಬಾಸೆಲ್ ಮಿಷನ್ ಹೆಂಚು ತೋರಿಸಿ ‘1865ರದ್ದು’ ಅನ್ನುವುದನ್ನು ಕೇಳಿದ್ದೇನೆ. ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ ಅದು. ಹೆಂಚು ಅದಕ್ಕಿಂತ ಎಷ್ಟೋ ದಶಕ ಈಚಿನದಿರಬಹುದು.

ಜಾಡಿಯ ಎತ್ತರ, ಬಾಯಿಯ ಅಗಲ, ಅಡಿಯ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಮಾರಿದವರಿಂದ ‘ಯಾವ ವರ್ಷದ್ದು, ಯಾವ ಕಾರ್ಖಾನೆಯದು’ ಅಂತ ರಸೀದಿಯಲ್ಲಿ ಬರೆಸಿಕೊಳ್ಳಲು ಅಣ್ಣನಿಗೆ ಇವತ್ತೇ ಹೇಳಿ. ಬರೆದುಕೊಡಲು ಒಪ್ಪದಿದ್ದರೆ ದುಡ್ಡು ವಾಪಸ್ ಕೇಳಲಿ.