ಸೆಲಿಮಿಯೆಯ ಗುಮ್ಮಟ ನಿಜಕ್ಕೂ ದೊಡ್ಡದೇ?

ಪ್ರಶ್ನೆ: ತುರ್ಕಿಯ ಎದಿರ್ನೆ ನಗರದಲ್ಲಿರುವ ಸೆಲಿಮಿಯೆ ಮಸೀದಿಯ ಗುಮ್ಮಟವು ಇಸ್ತಾಂಬುಲಿನಲ್ಲಿ ಮೊದಲು ಕ್ರೈಸ್ತರ ಚರ್ಚಾಗಿ ಕಟ್ಟಲ್ಪಟ್ಟ ಹಾಗಿಯಾ ಸೋಫಿಯಾದ ಗುಮ್ಮಟವನ್ನು ಮೀರಿಸಿದೆ ಎಂದು ಓದಿದ್ದೇನೆ. ಇದು ನಿಜವೇ? ಅಷ್ಟು ದೊಡ್ಡ ಗುಮ್ಮಟದ ಕೆಳಗೆ ಕಂಬಗಳು ಅಡ್ಡ ಬರುವುದಿಲ್ಲವೇ?

ಉತ್ತರ: ಈ ಮಾತನ್ನು ಮೊದಲು ಆಡಿದವನು ಮಸೀದಿಯನ್ನು ಕಟ್ಟಿದ ವಾಸ್ತುಶಿಲ್ಪಿ ಸಿನಾನನೇ. ಇಂತಹ ಗುಮ್ಮಟ ಮುಸ್ಲಿಮರಿಂದ ಸಾಧ್ಯವಿಲ್ಲವೆಂದು ಕ್ರೈಸ್ತ ಶಿಲ್ಪಿಗಳು ಹೇಳುತ್ತಿದ್ದರೆಂದೂ, ಅದು ತನ್ನ ಮನಸ್ಸನ್ನು ಚುಚ್ಚುತ್ತಿತ್ತೆಂದೂ ಅವನು ಇಳಿವಯಸ್ಸಿನಲ್ಲಿ ಬರೆಯಿಸಿದ ವೃತ್ತಾಂತದಲ್ಲಿದೆ. ಆದರೆ ಅಳತೆಗಳು ಅವನ ಪಕ್ಷವನ್ನು ಪೂರ್ತಿಯಾಗಿ ವಹಿಸುವುದಿಲ್ಲ. ಸೆಲಿಮಿಯೆಯ ಗುಮ್ಮಟದ ವ್ಯಾಸ ಸುಮಾರು 31 ಮೀಟರ್. ಕ್ರಿ.ಶ. 537ರಲ್ಲಿ ಮುಗಿದ ಹಾಗಿಯಾ ಸೋಫಿಯಾದ ಗುಮ್ಮಟವು 558ರಲ್ಲಿ ಕುಸಿದು, ಮರಳಿ ಕಟ್ಟಲ್ಪಟ್ಟು, ಅನಂತರವೂ ಭಾಗಶಃ ಬಿದ್ದು ದುರಸ್ತಿಯಾದದ್ದರಿಂದ ಈಗ ಸರಿಯಾದ ವೃತ್ತವಾಗಿಯೇ ಉಳಿದಿಲ್ಲ; ಅದರ ವ್ಯಾಸವೂ ಹೆಚ್ಚುಕಡಿಮೆ ಅಷ್ಟೇ. ನೆಲದಿಂದ ಅಳೆದರಂತೂ ಹಾಗಿಯಾ ಸೋಫಿಯಾ ಸುಮಾರು 55 ಮೀಟರ್ ಎತ್ತರವಿದ್ದು, ಸೆಲಿಮಿಯೆಯನ್ನು ಹತ್ತು ಮೀಟರಿಗೂ ಮಿಕ್ಕಿ ಹಿಂದೆ ಹಾಕುತ್ತದೆ.

ನನ್ನ ದೃಷ್ಟಿಯಲ್ಲಿ ಸಿನಾನನ ಗೆಲುವು ಇರುವುದು ನಿಮ್ಮ ಎರಡನೆಯ ಪ್ರಶ್ನೆಯಲ್ಲಿ. ಹಾಗಿಯಾ ಸೋಫಿಯಾದಲ್ಲಿ ಗುಮ್ಮಟವನ್ನು ನಾಲ್ಕು ಭಾರಿ ಸ್ತಂಭಗಳು ಹೊತ್ತಿದ್ದು, ಪಕ್ಕದ ಅಂಕಣಗಳು ಕಂಬಸಾಲುಗಳ ಹಿಂದೆ ಮರೆಯಾಗುತ್ತವೆ. ಸಿನಾನನು 1557ರಲ್ಲಿ ಮುಗಿಸಿದ ಇಸ್ತಾಂಬುಲಿನ ಸುಲೇಮಾನಿಯೆ ಮಸೀದಿಯಲ್ಲಿ ಅದೇ ನಾಲ್ಕು ಸ್ತಂಭ, ಎರಡು ಅರೆಗುಮ್ಮಟಗಳ ಕ್ರಮವನ್ನು ಅನುಸರಿಸಿದ್ದನು. ಸೆಲಿಮಿಯೆಯಲ್ಲಾದರೋ ಭಾರವನ್ನು ಎಂಟು ಸ್ತಂಭಗಳಿಗೆ ಹಂಚಿ, ಅವನ್ನು ಅಷ್ಟಕೋನವಾಗಿ ಗೋಡೆಗಳ ಸಮೀಪಕ್ಕೆ ಸರಿಸಿ, ಹೊರಮುಖವಾದ ಒತ್ತಡವನ್ನು ಗೋಡೆಗಳೊಡನೆ ಬೆಸೆದ ಆನಿಕೆಗಳು ತಡೆದುಕೊಳ್ಳುವಂತೆ ಮಾಡಿದನು. ಮೂಲೆಗಳ ನಾಲ್ಕು ಅರೆಗುಮ್ಮಟಗಳು ಚಿಕ್ಕವಾದ್ದರಿಂದ ಮುಖ್ಯ ಗುಮ್ಮಟದೊಡನೆ ಪೈಪೋಟಿಗೆ ಇಳಿಯುವುದಿಲ್ಲ. ಹೀಗಾಗಿ ಒಳಗೆ ನಿಂತವರಿಗೆ ಇಡೀ ಪ್ರಾರ್ಥನಾಂಗಣ ಒಂದೇ ನೋಟಕ್ಕೆ ದಕ್ಕುತ್ತದೆ. ನಟ್ಟನಡುವೆ ಮುಅಜ್ಜಿನರಿಗಾಗಿ (ಪ್ರಾರ್ಥನೆಗೆ ಕರೆ ಕೊಡುವವರಿಗಾಗಿ) ಎತ್ತರಿಸಿದ ಕಟ್ಟೆಯನ್ನು ಇಟ್ಟಿರುವುದು ಮಾತ್ರ ಈ ಬಯಲನ್ನು ಕೊಂಚ ಕೆಡಿಸಿದೆಯೆಂದು ಹೇಳದೆ ವಿಧಿಯಿಲ್ಲ. ಅದರ ಅಮೃತಶಿಲೆಯ ಕಂಬವೊಂದರಲ್ಲಿ ತಲೆಕೆಳಗಾದ ಟ್ಯೂಲಿಪ್ ಹೂವೊಂದನ್ನು ಕೆತ್ತಿದ್ದು, ಅದನ್ನು ಕುರಿತು ಕಥೆಗಳು ಹಲವಿವೆ.

ಇದನ್ನು ಕಟ್ಟಿಸಿದ ಎರಡನೆಯ ಸೆಲಿಮ್ ಸುಲ್ತಾನನಿಗೆ ಇಲ್ಲಿ ಪ್ರಾರ್ಥಿಸುವ ಭಾಗ್ಯವಿರಲಿಲ್ಲ. ಅವನು 1574ರ ಡಿಸೆಂಬರಿನಲ್ಲಿ ತೀರಿಕೊಂಡನು; ಮಸೀದಿಯು ತೆರೆದದ್ದು 1575ರಲ್ಲಿ.